ದಣಪೆ ದಾಟಿದ ಕೋವಿ

ಕೋವಿ ಮಾರುವುದೆಂದು ನಾನು ತೀರ್ಮಾನಿಸಿದ ದಿನದಿಂದ ನನ್ನ ಗಂಡ ಮದುವೆಗೆ ಬಂದ ಮಗಳಿರುವ ತಂದೆಯ ಗತ್ತಿನಲ್ಲಿ ಓಡಾಡತೊಡಗಿದರು. ಸೊಸೈಟಿಯಲ್ಲಿ, ಊಟದ ಮನೆಯಲ್ಲಿ, ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದರು. ಫೋನುಗಳು ಶುರುವಾದವು. ಪ್ರತಿ ಫೋನಿಗೂ ಇವರ ಮೊದಲ ಪ್ರಶ್ನೆ, ಯಾವ ಊರು, ಯಾರ ಮನೆ? ಎರಡನೆಯದು, ಅಜ್ಜನ ಮನೆ ಎಲ್ಲಿ? ಅಜ್ಜನ ಮನೆಯ ಗುರುತು ಹತ್ತಲಿಲ್ಲವೆಂದರೆ ಕೋವಿ ಆಗಲೇ ಹೋಯಿತು ಎಂದು ಹೇಳಿ ಫೋನು ಇಟ್ಟುಬಿಡುತ್ತಿದ್ದರು. ನಿಮ್ಮ ಹತ್ತಿರ ಪರವಾನಗಿ ಇದೆಯೇ ಎಂದು ಒಬ್ಬರನ್ನೂ ಕೇಳಲಿಲ್ಲ. ಯಲ್ಲಾಪುರ ತಾಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷ ಹಾಜರಿ ಕೂಗಿದ ಮೇಷ್ಟರು ಇವರು. ಇವರಿಗೆ ಹುಡುಗರ ಹೆಸರಿಗಿಂತ ಅವರ ಅಜ್ಜಂದಿರ ಹೆಸರು ಚೆನ್ನಾಗಿ ನೆನಪಿದೆ.

ಕೋವಿ ಇದ್ದದ್ದು ನನ್ನ ಹೆಸರಿನಲ್ಲಿ. ಮಾವಯ್ಯನಿಗೆ ಕೈ ನಡುಗಲು ಶುರುವಾದಾಗ, ಮಗ ವಾರಕ್ಕೊಮ್ಮೆ ಮನೆಗೆ ಬರುವವನು, ಮನೆಯಲ್ಲಿದ್ದು ಮಂಗನ ಜೊತೆ ಗುದ್ದಾಡುವವಳು ನೀನು, ಆದ್ದರಿಂದ ನೀನೇ ಇಟ್ಟುಕೋ ಎಂದು ನನ್ನಿಂದ ಅರ್ಜಿ ಹಾಕಿಸಿದ್ದರು. ಬೆಳೆ ಕಾಯಲೆಂದು ಕೊಡುವ ಪರವಾನಗಿ ಅದು. ನಳಿಗೆಯ ಬಾಯಿಂದ ಮದ್ದು ತುಂಬಿ, ಹಿಂದೆ ಕೇಪು ಸಿಕ್ಕಿಸಿ ಹೊಡೆಯುವ ಹಳೆಯ ಕೇಪಿನ ಕೋವಿ. ನನ್ನ ಜನ್ಮದಲ್ಲಿ ಅದರಿಂದ ಒಂದು ಗುಬ್ಬಿಯನ್ನೂ ಕೊಂದಿಲ್ಲ. ಆಕಾಶಕ್ಕೆ ಒಂದು ಈಡು ಹೊಡೆದರೆ ಬಾಳೆಗೊನೆಯ ಮೇಲೆ ಕೂತ ಮಂಗಗಳು ಓಡಿಹೋಗುತ್ತಿದ್ದವು. ಆಮೇಲಾಮೇಲೆ ಅವೂ ನನ್ನನ್ನು ಅರ್ಥ ಮಾಡಿಕೊಂಡವು. ಕೊನೆಯ ವರ್ಷಗಳಲ್ಲಿ ಸದ್ದಾದರೆ ಪಕ್ಕದ ಮರಕ್ಕೆ ಹೋಗಿ ಕೂತು, ಮುಗಿಯಿತೇ ಎಂಬಂತೆ ನನ್ನನ್ನೇ ನೋಡುತ್ತಿದ್ದವು.

ಅರವತ್ತು ದಾಟಿತು, ಕಣ್ಣಿನ ಪೊರೆ ತೆಗೆಸಿಯಾಯಿತು, ಭುಜ ಎತ್ತಿದರೆ ನೋವು. ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸು ತರಬೇಕು. ಇವರ ಸ್ಕೂಟರಿನ ಹಿಂದೆ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕೋವಿಯನ್ನು ತಬ್ಬಿಕೊಂಡು ನಾನು ಸಿದ್ದಾಪುರ ಪೇಟೆಯಲ್ಲಿ ಎಷ್ಟು ಮೆರವಣಿಗೆ ಹೋಗಿಲ್ಲ. ಇನ್ನು ಸಾಕು, ಬೇಕಾದವರ ಕೈಗೆ ಸೇರಲಿ ಅನ್ನಿಸಿತು. ಠಾಣೆಯಲ್ಲಿ ಕೇಳಿದೆ. ಮಾರುವ ಮೊದಲು ಬರೆದು ತಿಳಿಸಬೇಕು, ಕೊಳ್ಳುವವನ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಪರವಾನಗಿ ಇರಬೇಕು, ಕೋವಿ ನನ್ನ ಪರವಾನಗಿ ಪುಸ್ತಕದಿಂದ ಇಳಿದು ಅವನ ಪುಸ್ತಕಕ್ಕೆ ಏರಬೇಕು ಎಂದರು. ಅಲ್ಲಿಯವರೆಗೆ ಆ ಕೋವಿಯಿಂದ ಏನೇ ಆದರೂ ಕೇಳುವುದು ನನ್ನನ್ನೇ. ಆ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಅಜ್ಜನ ಮನೆಯ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದು ಬಂದವನು ಮನ್ಮನೆ ಊರಿನ ಮೈದುನ. ಇವರ ಚಿಕ್ಕಮ್ಮನ ಮಗ, ಇವರಿಗಿಂತ ಹತ್ತು ವರ್ಷ ಚಿಕ್ಕವನು. ನಮ್ಮೆರಡು ಮನೆಗಳು ಚೌತಿಯ ಊಟವನ್ನು ಬೇರೆಬೇರೆಯಾಗಿ ಉಂಡದ್ದೇ ಇಲ್ಲ. ಅವನ ಗದ್ದೆಗೆ ಹಂದಿ ನುಗ್ಗುತ್ತಿತ್ತು. ಕೋವಿ ನಿಜವಾಗಿಯೂ ಬೇಕಿತ್ತು. ಬಂದವನೇ ಇವರ ಜೊತೆ ಎಲೆಯಡಿಕೆಯ ಕವಳ ಹಾಕಿ ಕೂತ. ನಾನು ಒಳಗೆ ಪಾನಕ ಮಾಡಿಕೊಂಡು ಬರುವಷ್ಟರಲ್ಲಿ ಮಾತು ಮುಗಿದುಹೋಗಿತ್ತು. ಇವರು ಕಪಾಟಿನ ಬೀಗ ತೆಗೆದು, ಕೋವಿ ಹೊರಗಿಟ್ಟು, ಅದರ ಪಕ್ಕ ತಾಂಬೂಲದ ಬಟ್ಟಲನ್ನೂ ತೆಂಗಿನಕಾಯಿಯನ್ನೂ ಇಟ್ಟಿದ್ದರು. ಮಂಗಳಾರತಿ ತಟ್ಟೆಯೊಂದು ಬಾಕಿ.

ನಾನು ಪಾನಕ ಕೊಟ್ಟು, ತಮಾ, ನಿನ್ನ ಪುಸ್ತಕ ಕೊಡು, ನೋಡುತ್ತೇನೆ ಎಂದೆ. ಇವರು ನನ್ನ ಕಡೆ ತಿರುಗಿದ ರೀತಿ ನೋಡಿದರೆ ನಾನು ದೇವರ ಹತ್ತಿರ ಆಧಾರ್ ಕಾರ್ಡು ಕೇಳಿದ ಹಾಗಿತ್ತು.

"ಇವ್ನ ಹತ್ರ ಕಾಗದ ಕೇಳ್ತ್ಯನೆ? ನಮ್ಮವ್ನೇ ಅಲ್ದಾ?" ಎಂದರು.

ಮೈದುನ ನಗುತ್ತಲೇ ಪ್ಲಾಸ್ಟಿಕ್ ಚೀಲದಿಂದ ಪುಸ್ತಕ ತೆಗೆದುಕೊಟ್ಟ. ಕನ್ನಡಕ ಹಾಕಿಕೊಂಡು ನೋಡಿದೆ. ಫೋಟೋದಲ್ಲಿದ್ದವರು ಇವರ ಚಿಕ್ಕಪ್ಪ. ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಕೋವಿಯನ್ನು ಆಗಲೇ ಠಾಣೆಗೆ ಒಪ್ಪಿಸಿದ್ದರು. ಪುಸ್ತಕ ಮಾತ್ರ ಹೇಗೋ ಮನೆಯಲ್ಲಿ ಉಳಿದಿತ್ತು.

"ಅಪ್ಪಯ್ಯಂದಾದ್ರೆಂತು, ಯಂದಾದ್ರೆಂತು? ಮನೆ ಒಂದೇ ಅಲ್ದಾ ಅತ್ತಿಗೆ?" ಎಂದ ಅವನು. ಅವನ ಮಾತಿನಲ್ಲಿ ಮೋಸವಿರಲಿಲ್ಲ. ಪಹಣಿ, ದೇವರ ಪೀಠ, ತಾಮ್ರದ ಹಂಡೆ ಬಂದ ಹಾಗೆ ಪರವಾನಗಿಯೂ ಅಪ್ಪನಿಂದ ಮಗನಿಗೆ ತಾನಾಗಿ ಬರುತ್ತದೆಂದೇ ಅವನು ನಂಬಿದ್ದ. ನಾನು ಕೋವಿ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನಿನ್ನ ಹೆಸರಿಗೆ ಮಾಡಿಸಿಕೊಂಡು ಬಾ ಎಂದೆ. ನನ್ನ ನಾಲಿಗೆ ಸ್ವಲ್ಪ ಚುರುಕು. ಸತ್ತವರ ಪುಸ್ತಕಕ್ಕೆ ಕೋವಿ ಕೊಟ್ಟರೆ ಹಂದಿ ಹೊಡೆಯಲು ಅವರೇ ಬರುತ್ತಾರೆಯೇ ಎಂದೂ ಸೇರಿಸಿದೆ. ಅದನ್ನು ಹೇಳಬಾರದಿತ್ತು.

ಅವನ ಮುಖ ಕೆಂಪಾಯಿತು. ಪಾನಕ ಕುಡಿದು ಮುಗಿಸಿ ಎದ್ದ. ನಾನು ಜಗುಲಿಯಲ್ಲಿ ನಿಂತು ಅವನು ಹೋಗುವುದನ್ನೇ ನೋಡುತ್ತಿದ್ದೆ. ನಮ್ಮ ಬೇಲಿಗೆ ಕಬ್ಬಿಣದ ಗೇಟಿಲ್ಲ, ದಣಪೆ ಇದೆ, ಅಡ್ಡಡ್ಡ ಸರಿಸುವ ಮೂರು ಗಳ. ಸಿಟ್ಟಿನಲ್ಲಿ ಹೋಗುವವರು ಅದನ್ನು ಹಾಗೇ ಬಿಟ್ಟು ಹೋಗುತ್ತಾರೆ, ಹಿಂದೆಯೇ ಯಾರದೋ ದನ ಒಳಗೆ ಬರುತ್ತದೆ. ಇವನು ಮೂರೂ ಗಳಗಳನ್ನು ಒಂದೊಂದಾಗಿ ಎತ್ತಿ, ಮತ್ತೆ ತೂತಿಗೆ ಸೇರಿಸಿ, ಅಲ್ಲಾಡಿಸಿ ನೋಡಿಯೇ ಹೋದ.

ಆ ವರ್ಷ ಚೌತಿಗೆ ಅವನು ಬರಲಿಲ್ಲ. ಇವರು ಊಟದ ಹೊತ್ತಿಗೆ ಎರಡು ಸಲ ಎದ್ದು ರಸ್ತೆ ನೋಡಿ ಬಂದರು. ನನಗೆ ಏನೂ ಹೇಳಲಿಲ್ಲ. ಹೇಳಿ ಬೈದಿದ್ದರೆ ಒಳ್ಳೆಯದಿತ್ತು. ಬೈದರೆ ತಿರುಗಿ ಬೈಯಬಹುದು, ಸುಮ್ಮನಿರುವವರನ್ನು ಏನು ಮಾಡುವುದು? ಒಂದು ಹಳೆಯ ಕೋವಿಗಾಗಿ ಅಣ್ಣತಮ್ಮಂದಿರನ್ನು ಬೇರೆ ಮಾಡಿದೆನಲ್ಲ ಎಂದು ನನಗೂ ಸಂಕಟವಾಯಿತು.

ಅದಾಗಿ ತಿಂಗಳಿಗೆ ಶಿರಸಿಯಿಂದ ಒಬ್ಬರು ಬಂದರು. ಲಾರಿಗಳಿರುವ ಸಾಬರ ಮನೆತನದವರು, ದಾಸನಕೊಪ್ಪದ ಹತ್ತಿರ ಅನಾನಸ್ ಹಾಕಿದ್ದರು. ಇವರು ಎಂದಿನಂತೆ ಅಜ್ಜನ ಮನೆ ಕೇಳಲು ಹೊರಟವರು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಬಾಯಿ ಮುಚ್ಚಿದರು. ಆ ಮನುಷ್ಯ ನಾನು ಕೇಳುವ ಮೊದಲೇ ಪರವಾನಗಿ ತೆಗೆದು ಮುಂದಿಟ್ಟರು. ಝೆರಾಕ್ಸ್ ಅಲ್ಲ, ಅಸಲು. ಇದನ್ನು ಕೊಟ್ಟ ಕಡೆಗೆ ನೀವೇ ಫೋನು ಮಾಡಿ, ನಂಬರು ನನ್ನಿಂದ ತೆಗೆದುಕೊಳ್ಳಬೇಡಿ, ನೀವೇ ಹುಡುಕಿ ಎಂದರು. ಆಮೇಲೆ ಸಂಕೋಚವಿಲ್ಲದೆ, ನಿಮ್ಮದನ್ನೂ ತೋರಿಸಿ ಅಕ್ಕಾರ ಎಂದರು. ನನ್ನನ್ನು ಯಾರಾದರೂ ತನಿಖೆ ಮಾಡಿದ್ದು ಅದೇ ಮೊದಲು. ನನಗೆ ಭಾರಿ ಖುಷಿಯಾಯಿತು.

ನಾನು ಪತ್ತೇದಾರರ ಠೀವಿಯಲ್ಲಿ ಹೆಸರು, ಫೋಟೋ, ಮುಗಿಯುವ ತಾರೀಕು ಎಲ್ಲ ನೋಡಿದೆ. ಅದನ್ನು ಕೊಟ್ಟ ಕಚೇರಿಯ ನಂಬರು ಹುಡುಕಿ ಫೋನು ಮಾಡಿದೆ, ಸರಿ ಇದೆ ಎಂದರು. ಇನ್ನೇನು ಎಲ್ಲ ಕೂಡಿಬಂತು ಎನ್ನುವಾಗ ಅವರು ಕೋವಿಯನ್ನು ನೋಡಿ ನಕ್ಕರು.

"ಅಕ್ಕಾರ, ನಿಮ್ಮದು ಕೇಪಿನ ಬಂದೂಕು. ನನ್ನ ಲೈಸೆನ್ಸ್‌ನ್ಯಾಗ ತೋಟಾ ಹಾಕೂದು ಅಂತ ಬರದೈತಿ. ಇದನ್ನ ನಾ ಒಯ್ಯಾಕ ಬರಂಗಿಲ್ರಿ."

ನಾನು ಪುಸ್ತಕವನ್ನು ಮತ್ತೆ ನೋಡಿದೆ. ಮದ್ದು ತುಂಬುವುದಲ್ಲ, ಸಿದ್ಧ ಗುಂಡು ಹಾಕುವ ಬಂದೂಕು ಎಂದು ಎರಡನೆಯ ಪುಟದಲ್ಲಿ ಸ್ಪಷ್ಟವಾಗಿಯೇ ಇತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೇನೆ ಅಂದುಕೊಂಡವಳು ಅದೊಂದನ್ನೇ ಬಿಟ್ಟಿದ್ದೆ. ಅವರು ಸುಮ್ಮನಿದ್ದಿದ್ದರೆ ನಾನು ಮಾರಾಟದ ಬಗ್ಗೆ ಠಾಣೆಗೆ ಅರ್ಜಿಯನ್ನೂ ಬರೆದುಕೊಟ್ಟುಬಿಡುತ್ತಿದ್ದೆ. ನನ್ನ ಪೆಚ್ಚು ಮೋರೆ ನೋಡಿ ಇವರು ತಿಂಗಳ ನಂತರ ಮೊದಲ ಬಾರಿ ನಕ್ಕರು. ನಕ್ಕು, ಆ ನಗುವಿನಲ್ಲೇ, ಇವಳು ನನ್ನ ತಮ್ಮನಿಗೂ ಕಾಗದ ಕೇಳಿ ಅವಮಾನ ಮಾಡಿದಳು ನೋಡಿ ಎಂದು ದೂರು ಹೇಳಿಬಿಟ್ಟರು.

"ಕಾಗದ ಕೇಳೂದು ಅವಮಾನ ಅಲ್ರಿ ಮಾಸ್ತರ. ನನ್ನ ಒಡಹುಟ್ಟಿದ ತಮ್ಮಗೂ ಲೈಸೆನ್ಸ್ ನೋಡೇ ಲಾರಿ ಕೀಲಿ ಕೊಟ್ಟೀನಿ. ನಮ್ಮವ ಅಂತನೇ ನೋಡಬೇಕ್ರಿ. ಏನರ ಆದ್ರ ಜೈಲಿಗೆ ಹೋಗಾವ ನಮ್ಮವನೇ ಅಲ್ಲೇನ್ರಿ?"

ಅವರು ನಮ್ಮ ಬಾಳೆಹಣ್ಣು ತಿಂದು, ಮುಂದಿನ ಸಲ ಅನಾನಸ್ ತರುತ್ತೇನೆಂದು ಹೇಳಿ ಹೋದರು. ಮರುದಿನ ಬೆಳಿಗ್ಗೆ ಇವರು, ಸ್ಕೂಟರಿಗೆ ಎಣ್ಣೆ ಇದೆ, ಮನ್ಮನೆಗೆ ಹೋಗುವುದಾದರೆ ಬಾ ಎಂದರು.

ಮನ್ಮನೆಯಲ್ಲಿ ಮೈದುನ ನೀರು ತಂದಿಟ್ಟು ದೂರ ಹೋಗಿ ಕೂತ. ಚಿಕ್ಕಪ್ಪನ ಬಗ್ಗೆ ಆಡಿದ ಮಾತಿಗೆ ನಾನು ಮೊದಲು ತಪ್ಪಾಯಿತು ಎಂದೆ. ನನಗೆ ಅದು ಸುಲಭದ ಮಾತಲ್ಲ. ಆಮೇಲೆ ಹೇಳಲು ಬಂದದ್ದನ್ನು ಹೇಳಿದೆ.

"ತಮಾ, ಇನ್ನು ಯಾರಿಗೂ ಆನು ಕೋವಿ ಮಾರ್ತ್ನಿಲ್ಲೆ. ನಿನ್ನ ಹೆಸ್ರಲ್ಲಿ ಲೈಸೆನ್ಸ್ ಬರ್ಲಿ, ನಿಂಗೇ ಕೊಡ್ತೆ. ಎಷ್ಟು ದಿನ ಆದ್ರೂ ಕಾಯ್ತೆ."

ಅವನು ಖಾಲಿಯಾದ ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದ. ಭತ್ತದ ಕೊಯ್ಲು ಮುಗಿಯಿತು, ಸಂಕ್ರಾಂತಿ ಬಂತು ಹೋಯಿತು. ಅವನಿಂದ ಸುದ್ದಿಯಿಲ್ಲ. ಫೋನು ಮಾಡಿದವರಿಗೆಲ್ಲ ಕೋವಿ ಹೋಯಿತು ಎಂದು ಈಗ ನಾನೇ ಹೇಳುತ್ತಿದ್ದೆ.

ಬೇಸಿಗೆಯ ಶುರುವಿನಲ್ಲಿ ಒಂದು ದಿನ ಅಂಗಳಕ್ಕೆ ಪೊಲೀಸರೊಬ್ಬರು ಬಂದರು. ಅವರು ಕೂತು, ಫೈಲು ಬಿಚ್ಚಿ, ಮನ್ಮನೆಯಿಂದ ಒಬ್ಬರು ಬೆಳೆ ರಕ್ಷಣೆಗೆ ಬಂದೂಕಿನ ಅರ್ಜಿ ಹಾಕಿದ್ದಾರೆ, ನಡತೆ ಬಲ್ಲವರೆಂದು ನಿಮ್ಮ ಹೆಸರು ಕೊಟ್ಟಿದ್ದಾರೆ ಎಂದರು. ಊರಲ್ಲಿ ಇಷ್ಟು ಜನರಿರುವಾಗ ಸಂಬಂಧಿಕರ ಹೆಸರೇಕೆ ಎಂದು ಅವರು ಕೇಳಿದ್ದರಂತೆ. ನನ್ನ ಅತ್ತಿಗೆ ನನಗೇ ಕೋವಿ ಕೊಡದವಳು, ಅವಳು ಸುಳ್ಳು ಹೇಳುವುದಿಲ್ಲ ಎಂದನಂತೆ ಅವನು.

ಇವರು ಬಾಗಿಲ ಸಂದಿಯಲ್ಲಿ ನಿಂತು ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಪೊಲೀಸರು ಕುಡಿತ ಉಂಟೇ ಎಂದು ಕೇಳಿದರು, ಇಲ್ಲ ಎಂದೆ. ಜಗಳ? ಇಲ್ಲ. ಸಿಟ್ಟು? ಅದು ಉಂಟು ಎಂದೆ. ಅವರ ಪೆನ್ನು ನಿಂತಿತು. ಆಗ ನಾನು ದಣಪೆಯ ವಿಷಯ ಹೇಳಿದೆ: ನಾನು ಬಾಯಿಗೆ ಬಂದಂತೆ ಅಂದು ಕಳಿಸಿದ ದಿನವೂ ಅವನು ಮೂರು ಗಳಗಳನ್ನು ಸರಿಯಾಗಿ ಹಾಕಿ, ಅಲ್ಲಾಡಿಸಿ ನೋಡಿ ಹೋಗಿದ್ದಾನೆ. ಪೊಲೀಸರು ತಲೆಯೆತ್ತಿ ನಮ್ಮ ದಣಪೆಯ ಕಡೆ ನೋಡಿದರು. ತಾವು ಬರುವಾಗ ತೆಗೆದವರು ಹಾಕಿರಲಿಲ್ಲ. ಎದ್ದು ಹೋಗಿ ಹಾಕಿ ಬಂದು, ಬರೆಯುವುದನ್ನು ಮುಂದುವರಿಸಿದರು.

ಪರವಾನಗಿ ಕೈಗೆ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಬಂದ ದಿನ ಮೈದುನ ಮನೆಗೆ ಬಂದು ಪುಸ್ತಕವನ್ನು ನನ್ನ ಮುಂದಿಟ್ಟು ಕೈಕಟ್ಟಿ ನಿಂತ. ನಾನು ಕನ್ನಡಕ ಒರೆಸಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಫೋಟೋ ಅವನದೇ, ಹೆಸರು ಅವನದೇ. ಎರಡನೆಯ ಪುಟವನ್ನು ಎರಡು ಸಲ ಓದಿದೆ. ಠಾಣೆಗೆ ಬರೆದು ತಿಳಿಸಿದೆವು, ಕಾಯಬೇಕಾದಷ್ಟು ಕಾದೆವು. ಅಷ್ಟರಲ್ಲಿ ಮತ್ತೊಂದು ಚೌತಿ ಬಂದಿತ್ತು. ಅವನು ಹೆಂಡತಿ ಮಕ್ಕಳೊಡನೆ ಬಂದು ಪಂಚಕಜ್ಜಾಯ ಮೂರು ಸಲ ಹಾಕಿಸಿಕೊಂಡ. ಇವರು ತಾವು ಉಣ್ಣುವುದನ್ನು ಬಿಟ್ಟು ಅವನಿಗೆ ಬಡಿಸುತ್ತಲೇ ಇದ್ದರು.

ಹಬ್ಬ ಕಳೆದ ಮೇಲೆ ಕೋವಿ ನನ್ನ ಪುಸ್ತಕದಿಂದ ಇಳಿಯಿತು, ಅವನ ಪುಸ್ತಕಕ್ಕೆ ಏರಿತು, ಅದೇ ದಿನ ಅವನು ಒಬ್ಬನೇ ಬಂದು ಕೋವಿ ಒಯ್ದ. ನಾನು ದಣಪೆಯವರೆಗೆ ಹೋದೆ. ಗಳ ಸರಿಸಿ ದಾಟಿದವನು ಮತ್ತೆ ಹಾಕಲು ಕೈ ಖಾಲಿಯಿಲ್ಲವೆಂದು, ಬಟ್ಟೆ ಸುತ್ತಿದ ಕೋವಿಯನ್ನು ಅಭ್ಯಾಸಬಲದಿಂದ ನನ್ನ ಕಡೆ ಚಾಚಿದ. ನಾನೂ ಅಭ್ಯಾಸಬಲದಿಂದ ಕೈ ನೀಡಿದೆ. ಅಷ್ಟರಲ್ಲಿ ಅವನು ಕೋವಿಯನ್ನು ಹಿಂದಕ್ಕೆಳೆದುಕೊಂಡ. ಒಂದು ವರ್ಷದಿಂದ ಕಾದಿದ್ದ ನಗು ಅವನ ಮುಖದ ತುಂಬ ಹರಡಿತು.

"ನಿಂಗಳ ಹತ್ರ ಲೈಸೆನ್ಸ್ ಇದ್ದಾ, ಅತ್ತಿಗೆ?" ಎಂದ.

ನಗು ತಡೆಯಲಾರದೆ ಬೇಲಿಯ ಗೂಟ ಹಿಡಿದುಕೊಂಡೆ. ಅವನು ರಸ್ತೆಯ ತಿರುವು ದಾಟುವವರೆಗೆ ನಿಂತಿದ್ದು, ಆಮೇಲೆ ಮೂರೂ ಗಳಗಳನ್ನು ನಾನೇ ಹಾಕಿದೆ.