ಅಕ್ಕನ ಕಪಾಟಿನ ಬಣ್ಣ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಿ.ಸಿ.ರೋಡಿನ ಒಂದು ಸ್ಟೀಲ್ ಕಪಾಟಿನ ಶೆಡ್ಡಿನಲ್ಲಿ ಪೇಂಟರ್ ಆಗಿದ್ದೆ. ಸ್ಪ್ರೇ ಗನ್ ಕೈಗೆ ಬಂದರೆ ನನ್ನಷ್ಟು ಜಂಬದವನು ಇನ್ನೊಬ್ಬನಿರಲಿಲ್ಲ. ನಿಂತಿರುವ ತಗಡಿಗೆ ಬಣ್ಣ ಹೊಡೆಯುವುದರ ಗುಟ್ಟು ಇಷ್ಟೇ: ಬಣ್ಣಕ್ಕೆ ಬೆರೆಸುವ ಥಿನ್ನರ್ ಕಡಿಮೆಯಾದರೆ ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ, ಹೆಚ್ಚಾದರೆ ಬಣ್ಣ ನಿಲ್ಲದೆ ಕೆಳಗೆ ಜಾರುತ್ತದೆ. ತೆಳ್ಳಗೆ ಒಂದು ಕೋಟ್ ಹೊಡೆದು, ಮೂಲೆಯಲ್ಲಿ ಬೆರಳು ಮುಟ್ಟಿಸಿ ನೋಡಬೇಕು. ಅಂಟಿದಂತಾದರೂ ಬೆರಳಿಗೆ ಬಣ್ಣ ಹತ್ತದಿದ್ದರೆ ಮಾತ್ರ ಮುಂದಿನ ಕೋಟ್. ಶೆಡ್ಡಿಗೆ ಬಂದವರಿಗೆಲ್ಲ ಇದನ್ನು ಉಪದೇಶ ಮಾಡುತ್ತಿದ್ದವನೂ ನಾನೇ.

ಅಷ್ಟರಲ್ಲಿ ಅಕ್ಕನ ಮದುವೆ ನಿಶ್ಚಯವಾಯಿತು. ಅಮ್ಮ ತೀರಿಹೋದ ಮೇಲೆ ನನಗೆ ಬಡಿಸಿ, ಗದರಿಸಿ ಬೆಳೆಸಿದವಳು ಅವಳು. ವಾಮದಪದವಿನ ಗಂಡನ ಮನೆಗೆ ಅವಳ ಜೊತೆ ಹೋಗುವ ಕಪಾಟಿಗೆ ನಾನೇ ಬಣ್ಣ ಹೊಡೆಯುವುದೆಂದು ಹಠ ಹಿಡಿದೆ. ತಾಯಿಯಿಲ್ಲದ ಹುಡುಗಿ ಎಂದು ಅಲ್ಲಿ ಯಾರೂ ಅವಳನ್ನು ಹಗುರವಾಗಿ ಕಾಣಬಾರದು. ನನಗಿದ್ದದ್ದು ಅದೊಂದೇ ಚಿಂತೆ.

ಅಂದು ಮೋಡ ಕವಿದು, ಗಾಳಿಯೇ ಇಲ್ಲದೆ, ಬಣ್ಣ ಬೇಗ ಆರುತ್ತಿರಲಿಲ್ಲ. ಎರಡನೇ ಕೋಟ್‌ಗೇ ಹಸಿರು ಚೆನ್ನಾಗಿ ಕೂತಿತ್ತು. ಆದರೆ ನನ್ನ ಪ್ರೀತಿಗೆ ಅಷ್ಟು ಸಾಲಲಿಲ್ಲ. ಇನ್ನೂ ಹೊಳೆಯಲಿ ಎಂದು, ಬೆರಳನ್ನೂ ಮುಟ್ಟಿಸದೆ, ಮತ್ತೊಂದು ಕೋಟ್ ದಪ್ಪಗೆ ಎಳೆದೆ. ಚಹಾ ಕುಡಿದು ಬರುವಷ್ಟರಲ್ಲಿ ಎಡ ಬಾಗಿಲಿನ ನಡುವೆ ಬಣ್ಣ ಪರದೆಯ ಹಾಗೆ ಮಡಿಕೆ ಮಡಿಕೆಯಾಗಿ ಇಳಿದಿತ್ತು. ಅದನ್ನು ಪೂರ್ತಿ ಒಣಗಿಸಿ, ಮರಳುಕಾಗದದಂಥ ವಾಟರ್ ಪೇಪರಿನಲ್ಲಿ ಉಜ್ಜಿ, ಪುನಃ ಹೊಡೆಯಲು ದಿನವಿರಲಿಲ್ಲ. ಮರುದಿನವೇ ಟೆಂಪೋ ಬಂತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅಕ್ಕ ಆ ಬಾಗಿಲನ್ನು ನೋಡಿ, ಮಡಿಕೆಗಳ ಮೇಲೆ ಒಮ್ಮೆ ಬೆರಳಾಡಿಸಿದಳು.

ಎಷ್ಟೋ ವರ್ಷಗಳ ಮೇಲೆ, ಕಪಾಟಿಗೆ ತುಕ್ಕು ಹಿಡಿದಿದೆಯೆಂದು ಅವಳ ಅತ್ತೆ ನನ್ನನ್ನು ಕರೆಸಿದರು. ನಾನು ಆ ಮಡಿಕೆಗಳನ್ನು ಉಜ್ಜತೊಡಗಿದಾಗ ಅವರು ನಕ್ಕರು.

“ಇದು ನಿನ್ನ ಅಕ್ಕನ ಕೆಲಸ ಅಲ್ವಾ? ‘ತಮ್ಮ ಬೇಡ ಅಂದ್ರೂ ಇನ್ನೊಂದು ಕೋಟ್ ಹೊಡಿ ಅಂತ ಹಠ ಮಾಡಿದ್ದು ನಾನೇ’ ಅಂತ ಬಂದ ದಿನವೇ ಹೇಳಿದ್ದಾಳೆ. ಹೊಳಪಿನ ಆಸೆಯವಳು ಅಂತ ನಾವು ಈಗಲೂ ತಮಾಷೆ ಮಾಡ್ತೇವೆ.”

ನನ್ನ ಕೈ ನಿಂತಿತು. “ಇಲ್ಲ ಅಮ್ಮ, ಅವಳು ಹಠ ಮಾಡಲೇ ಇಲ್ಲ. ತಪ್ಪು ನನ್ನದೇ,” ಎಂದೆ.

ಅಡುಗೆಮನೆಯಿಂದ ಅಕ್ಕನ ಧ್ವನಿ ಬಂತು: “ಅವನ ಮಾತು ಕೇಳ್ಬೇಡಿ ಅತ್ತೆ. ಈ ಸಲ ನಾನು ಹಠ ಮಾಡುದಿಲ್ಲ ಮಾರಾಯ, ತೆಳ್ಳಗೇ ಹೊಡಿ.”