ಮಗಳ ಹಿಂದೆ ಬಾಗಲಗುಂಟೆಗೆ

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಮತ್ತೆ ಬ್ಯಾಚುಲರ್ ಆದೆ. ಈ ಸುದ್ದಿಯನ್ನು ನನಗೆ ತಿಳಿಸಿದವರು ಬೆಂಗಳೂರಿನ ಬಾಗಲಗುಂಟೆಯ ಮನೆ ಮಾಲೀಕರು. ಗೇಟಿನ ಮೇಲೆ 'ಟು ಲೆಟ್' ಬೋರ್ಡು ಕಂಡು ಬೆಲ್ ಒತ್ತಿದರೆ ಮೊದಲ ಪ್ರಶ್ನೆಯೇ, "ಫ್ಯಾಮಿಲಿ ಇದಾರಾ?" ನಮ್ಮ ಗದಗಿನ ಕಡೆ 'ಮನಿಯವರು' ಎನ್ನುತ್ತೇವಲ್ಲ, ಇಲ್ಲಿ ಅದಕ್ಕೆ ಫ್ಯಾಮಿಲಿ ಎನ್ನುತ್ತಾರೆ. ಹೆಂಡತಿ ಎಂದರ್ಥ. ಅದು ಗೊತ್ತಿಲ್ಲದೆ ಮೊದಲ ಮನೆಯಲ್ಲಿ, ಇದ್ದಾರೆ, ಅವ್ವ, ಅಣ್ಣ, ಅತ್ತಿಗೆ ಎಲ್ಲರೂ ಗದಗಿನಲ್ಲಿದ್ದಾರೆ ಎಂದು ವಿವರವಾಗಿ ಹೇಳಿದೆ. ಮಾಲೀಕರು ಅರ್ಧಕ್ಕೇ ಕೈಯಾಡಿಸಿ, ಬ್ಯಾಚುಲರ್‌ಗೆ ಕೊಡಲ್ಲ ಎಂದು ಬಾಗಿಲು ಹಾಕಿಕೊಂಡರು.

ನಾನು ಈ ಊರಿಗೆ ದೊಡ್ಡ ನೌಕರಿ ಹುಡುಕಿಕೊಂಡು ಬಂದವನಲ್ಲ. ಗದಗಿನ ಕನ್ನಡಕದ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಕಣ್ಣಿನ ನಂಬರು ನೋಡುತ್ತ ಇದ್ದವನು. ವಿಚ್ಛೇದನವಾದ ಮೇಲೆ ಸುನಂದಾ ನಮ್ಮ ಮಗಳು ಭೂಮಿಕಾಳನ್ನು ಕರೆದುಕೊಂಡು ವಿದ್ಯಾರಣ್ಯಪುರದಲ್ಲಿದ್ದ ತನ್ನ ಅಣ್ಣನ ಹತ್ತಿರ ಬಂದಳು. ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ನ್ಯಾಯಾಲಯ ನನಗೆ ಭಾನುವಾರಗಳನ್ನು ಕೊಟ್ಟಿತ್ತು. ಆರು ತಿಂಗಳು ವಾರವಾರವೂ ಗದಗಿನಿಂದ ಬಂದು ಹೋದೆ. ಒಂದು ಭಾನುವಾರ ರೈಲು ತಡವಾಗಿ ನಾನು ತಲುಪುವಷ್ಟರಲ್ಲಿ ಭೂಮಿ ನಿದ್ದೆ ಹೋಗಿದ್ದಳು. ಅವಳ ಸೋದರಮಾವ ಬಾಗಿಲಲ್ಲೇ ನಿಂತು, ಎಬ್ಬಿಸಲೇ ಎಂದು ಕೇಳಿದರು. ಬೇಡ ಎಂದು ಹಿಂದಿರುಗಿದೆ. ಮಾರನೆಯ ತಿಂಗಳು ಯಶವಂತಪುರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ.

ಒಂಬತ್ತನೆಯ ಮನೆಯ ಹೊತ್ತಿಗೆ ನಾನೂ ಸುಳ್ಳು ಕಲಿತಿದ್ದೆ. ಫ್ಯಾಮಿಲಿ ಆಮೇಲೆ ಬರುತ್ತಾರೆ ಎನ್ನುತ್ತಿದ್ದೆ. ಆದರೆ ಆ ಮನೆಯ ಯಜಮಾನಿ ಜಯಮ್ಮನವರು ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತ, ಯಾವಾಗ ಬರುತ್ತಾರೆ, ಯಾಕೆ ಜೊತೆಗೆ ಬರಲಿಲ್ಲ ಎಂದು ಒಂದೊಂದೇ ಕೇಳಿದಾಗ ಸುಳ್ಳು ಮುಂದೆ ಸಾಗಲಿಲ್ಲ. ಹೆಂಡತಿ ಬಿಟ್ಟಿದ್ದಾರೆ, ಮಗಳು ವಿದ್ಯಾರಣ್ಯಪುರದಲ್ಲಿದ್ದಾಳೆ, ಅವಳಿಗಾಗಿ ಬಂದೆ ಎಂದು ಹೇಳಿಬಿಟ್ಟೆ. ಜಯಮ್ಮ ಈ ಊರು ಹಳ್ಳಿಯಾಗಿದ್ದಾಗಿನವರು. ಅವರ ರಾಗಿ ಹೊಲದ ಮೇಲೆಯೇ ಈಗ ಅವರ ಮೂರಂತಸ್ತಿನ ಕಟ್ಟಡ ನಿಂತಿದೆ. ಸುಲಿದ ಕಾಳನ್ನು ಮೊರಕ್ಕೆ ಸುರಿದು ಕೇಳಿದರು.

"ಮಗು ಬತ್ತದಾ ಇಲ್ಲಿಗೆ?"

"ಭಾನುವಾರ ಬರ್ತಾಳ್ರಿ."

"ಅಂಗಾದ್ರೆ ತಕೊಳಿ. ಮಗು ಬರೋ ಮನೆ ಬ್ಯಾಚುಲರ್ ಮನೆ ಎಂಗಾಯ್ತದೆ?"

ಮೇಲಿನ ಒಂದು ಕೋಣೆ, ಅಡುಗೆಮನೆ ನನ್ನದಾದವು. ಬೆಳಗ್ಗೆ ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ ಯಶವಂತಪುರ. ಗದಗಿನಲ್ಲಿ ಅಂಗಡಿಗೆ ನಡೆದು ಹೋಗುವಾಗ ಹತ್ತು ಜನ ಮಾತಾಡಿಸುತ್ತಿದ್ದರು. ಇಲ್ಲಿ ಮೆಟ್ರೋದಲ್ಲಿ ಮೈಗೆ ಮೈ ತಗಲುವಷ್ಟು ಜನ, ಆದರೆ ಯಾರ ಕಣ್ಣೂ ಯಾರನ್ನೂ ಮುಟ್ಟುವುದಿಲ್ಲ. ಭಾಷೆ ಕನ್ನಡವೇ ಆದರೂ ಎಡವುತ್ತಿದ್ದೆ. ಕನ್ನಡಕ ಸಡಿಲವಾಗಿದೆ ಎಂದವರೊಬ್ಬರಿಗೆ ಗದಗಿನ ಮರ್ಯಾದೆಯಲ್ಲಿ "ಯಾಕ್ರಿ?" ಎಂದೆ. ಇವನು ಜಗಳಕ್ಕೆ ನಿಂತ ಎಂದುಕೊಂಡು ಅವರು ಅಂಗಡಿ ಮಾಲೀಕರನ್ನು ಕರೆಸಿದರು. ಈಗ "ಏನಾಯ್ತು ಸಾರ್?" ಎನ್ನುತ್ತೇನೆ. ಊಟದ್ದೂ ಹಾಗೆಯೇ. ರೊಟ್ಟಿ ಮಾಡಿಕೊಳ್ಳಲು ಬಾರದ ನನಗೆ ಜಯಮ್ಮ ಮುದ್ದೆ, ಉಪ್ಸಾರು ಕೊಟ್ಟು ಕಳಿಸುತ್ತಿದ್ದರು. ಉಪ್ಸಾರು ಎಂದರೆ ಕಾಳು, ಸೊಪ್ಪು ಬೇಯಿಸಿದ ತಿಳಿನೀರಿನ ಸಾರು, ಜೊತೆಗೆ ಅರೆದ ಖಾರ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಯಲು ನನಗೆ ಒಂದು ಮಳೆಗಾಲವೇ ಬೇಕಾಯಿತು.

ಊರಿನವರು ಫೋನಿನಲ್ಲಿ ಈಗಲೂ ಕೇಳುತ್ತಾರೆ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಮತ್ತೆ ಯಾಕೆ ಬಿಟ್ಟಳು? ನಾನು ಏನೂ ಮಾಡಲಿಲ್ಲ, ಅದಕ್ಕೇ ಬಿಟ್ಟಳು. ಅವ್ವ ಹೇಳಿದ್ದಕ್ಕೂ ಹೂಂ, ಸುನಂದಾ ಹೇಳಿದ್ದಕ್ಕೂ ಹೂಂ ಎನ್ನುವುದೇ ನನ್ನ ಸಂಸಾರವಾಗಿತ್ತು. ಅವಳ ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ನಮ್ಮ ಮನೆಯಲ್ಲಿ ಅಣ್ಣನ ಮಗಳ ನಿಶ್ಚಯ ಕಾರ್ಯವಿತ್ತು. ಕಾರ್ಯ ಮುಗಿಸಿಕೊಂಡು ಹೋಗಲಿ ಎಂದಳು ಅವ್ವ. ಸುನಂದಾ ನನ್ನ ಮುಖ ನೋಡಿದಳು. ನಾನು ಬಾಳೆ ಎಲೆ ಒರೆಸುತ್ತ ಕೂತೆ. ಎರಡು ದಿನದ ಮೇಲೆ ಅವಳು ಹೋದಾಗ ಅವಳ ಅಪ್ಪನಿಗೆ ಮಗಳ ಗುರುತು ಹತ್ತಲಿಲ್ಲ, ಅದೇ ಸಂಜೆ ತೀರಿಕೊಂಡರು. ಆಮೇಲೆ ಸುನಂದಾ ಜಗಳವಾಡಲಿಲ್ಲ. ನನ್ನನ್ನು ಯಾವುದಕ್ಕೂ ಏನೂ ಕೇಳುವುದನ್ನೇ ಬಿಟ್ಟಳು. ಅವ್ವನ ತಪ್ಪು ಎಂದು ಹೇಳಿ ನಾನು ಪಾರಾಗಬಹುದು. ಆದರೆ ಅವಳು ಆ ದಿನ ನೋಡಿದ್ದು ಅವ್ವನ ಮುಖವನ್ನಲ್ಲ.

ಭಾನುವಾರಗಳು ನಾನು ಎಣಿಸಿದಂತೆ ಇರಲಿಲ್ಲ. ಹತ್ತು ವರ್ಷದ ಭೂಮಿ ಬರುತ್ತಿದ್ದಳು, ಜಯಮ್ಮನ ಬೆಕ್ಕಿನ ಜೊತೆ ಆಡುತ್ತಿದ್ದಳು, ನಾನು ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು. ದೊಡ್ಡವಳಾಗುತ್ತಿದ್ದಾಳೆ, ಅದಕ್ಕೇ ಮಾತು ಕಡಿಮೆ ಎಂದುಕೊಂಡೆ. ಒಂದು ದಿನ ಸುನಂದಾಳ ಫೋನು ಬಂತು. ಭೂಮಿಗೆ ಶಾಲೆಯಲ್ಲಿ ಬೋರ್ಡು ಕಾಣುತ್ತಿಲ್ಲವಂತೆ. ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಅವರು ಏನೂ ದೋಷವಿಲ್ಲ ಎಂದಿದ್ದರು, ಆದರೂ ಮಗು ಕಾಣುವುದಿಲ್ಲ ಎನ್ನುತ್ತಿತ್ತು. "ನೀವೊಮ್ಮೆ ನೋಡ್ರಿ. ನನಗ ಹೆದರಿಕಿ ಆಗೇತಿ" ಎಂದಳು.

ಇಬ್ಬರೂ ಅಂಗಡಿಗೆ ಬಂದರು. ಕೋರ್ಟಿನ ಕೊನೆಯ ದಿನದ ನಂತರ ನಾವು ಮೂವರೂ ಒಂದೇ ಕಡೆ ನಿಂತದ್ದು ಅದೇ ಮೊದಲು. ಗೋಡೆಯ ಅಕ್ಷರಗಳಲ್ಲಿ ಭೂಮಿ ಮೂರನೆಯ ಸಾಲಿಗೇ ನಿಂತಳು. ನಾನು ಪರೀಕ್ಷೆಯ ಫ್ರೇಮಿಗೆ ನಂಬರೇ ಇಲ್ಲದ ಬರಿಯ ಗಾಜು ಹಾಕಿ, ಇದು ಭಾರಿ ಪವರಿನದು, ಈಗ ಓದು ಎಂದೆ. ಕೊನೆಯ ಸಾಲಿನವರೆಗೂ ಸರಸರ ಓದಿದಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ.

ಸುನಂದಾಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ. ಬೈಯುವುದು ಬೇಡ ಎಂದು ಇಬ್ಬರಿಗೂ ಒಟ್ಟಿಗೇ ಅನ್ನಿಸಿತು. ಎದುರಿನ ಹೋಟೆಲಿಗೆ ಹೋಗಿ ಭೂಮಿಗೆ ದೋಸೆ ಹೇಳಿ, ಕಣ್ಣು ಚೆನ್ನಾಗಿದೆ ಮಗಳೇ, ಏನು ವಿಷಯ ಎಂದು ಕೇಳಿದೆ. ಬಹಳ ಹೊತ್ತು ದೋಸೆಯ ಅಂಚು ಮುರಿಯುತ್ತ ಕೂತಳು.

"ನಂಗೇನಾದ್ರೂ ಆದ್ರೆ ಇಬ್ರೂ ಬರ್ತೀರ ಅಂತ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮನ ವಿಷ್ಯ ಹೇಳಿದ್ರೆ ನಿನ್ ಮುಖ ಹೆಂಗೋ ಆಗತ್ತೆ. ಅಲ್ಲಿ ನಿನ್ ವಿಷ್ಯ ಹೇಳಿದ್ರೆ ಅಮ್ಮ ಎದ್ದು ಒಳಗೆ ಹೋಗ್ತಾಳೆ. ಅದಕ್ಕೆ ನಾನು ಎಲ್ಲೂ ಏನೂ ಹೇಳಲ್ಲ."

ಎರಡೂ ಕಡೆ ಹೂಂ ಎಂದು ಬದುಕುವ ನನ್ನ ವಿದ್ಯೆಯನ್ನು ಹತ್ತು ವರ್ಷದ ಮಗು ಕಲಿತುಬಿಟ್ಟಿತ್ತು. ನನ್ನ ಕಾಫಿ ಆರುತ್ತಿತ್ತು. ಸುನಂದಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಗ ನಾನು, ಯಾವತ್ತೋ ಹೇಳಬೇಕಿದ್ದ ಮಾತನ್ನು ಮಗಳ ಮುಂದೆಯೇ ಹೇಳಿದೆ.

"ಸುನಂದಾ, ಅವತ್ತು ನಿನ್ನ ಹುಬ್ಬಳ್ಳಿಗೆ ನಾನ ಕರಕೊಂಡು ಹೋಗಬೇಕಿತ್ತು. ಸುಮ್ಮನ ಕುಂತೆ. ತಪ್ಪು ನಂದು."

ಭೂಮಿ ಒಮ್ಮೆ ಅಮ್ಮನನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು.

"ಈ ಮಾತು ನನಗ ಅವಾಗ ಬೇಕಾಗಿತ್ತು, ಈಗ ಅದರಿಂದ ಏನೂ ಆಗೂದಿಲ್ಲ. ಆದ್ರ ಅಕಿ ಮುಂದ ಹೇಳಿದ್ರಿ. ಅಷ್ಟು ಛಲೋ ಆತು" ಎಂದಳು ಸುನಂದಾ.

ನಾವು ಮತ್ತೆ ಒಂದಾಗಲಿಲ್ಲ. ಓದುವವರಿಗೆ ಹಾಗೆ ಆಗಲಿ ಎನ್ನಿಸಬಹುದು, ಕೆಲವು ಸಂಜೆ ನನಗೂ ಅನ್ನಿಸಿದೆ. ಆದರೆ ಶಾಲೆಯ ಸಭೆಗೆ ಈಗ ಇಬ್ಬರೂ ಹೋಗುತ್ತೇವೆ. ಭೂಮಿ ಭಾನುವಾರ ಬಂದರೆ ಅಮ್ಮ ಹೊಸದಾಗಿ ಸ್ಕೂಟರ್ ಕಲಿಯುತ್ತಿರುವುದು, ಮಾವ ಹಿಂದೆ ಓಡುವುದು, ಎಲ್ಲ ಹೇಳುತ್ತಾಳೆ. ಕೇಳುವಾಗ ಎದೆಯೊಳಗೆ ಏನೋ ಚುಚ್ಚುವುದುಂಟು. ಮುಖ ಮಾತ್ರ ಕೆಡಿಸಿಕೊಳ್ಳುವುದಿಲ್ಲ.

ಈ ದಸರಾ ರಜೆಯಲ್ಲಿ ಅವಳನ್ನು ಗದಗಿಗೆ, ಅವ್ವನ ಹತ್ತಿರ ಕರೆದೊಯ್ದೆ. ಬೆಳಗಿನ ರೈಲು. ತುಮಕೂರು ದಾಟಿದ ಮೇಲೆ ಎದುರು ಸೀಟಿನ ಹಾವೇರಿಯ ಹಿರಿಯರೊಬ್ಬರು, ಯಾವೂರು ನಿಮ್ಮದು ಎಂದು ಕೇಳಿದರು. ನಾನು "ಬೆಂಗಳೂರು" ಎಂದೆ. ಅದೇ ಕ್ಷಣಕ್ಕೆ ಭೂಮಿ "ಗದಗ" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಅಪ್ಪಂದೊಂದು ಊರು, ಮಗಳದೊಂದು ಊರೇನ್ರಿ? ಮನಿ ಎಲ್ಲೈತಿ?" ಎಂದು ಹಿರಿಯರು ನಕ್ಕರು.

"ಮೂರು ಮನೆ ಇದೆ ಅಜ್ಜ. ಅಮ್ಮಂದು, ಅಪ್ಪಂದು, ಅಜ್ಜಿದು" ಎಂದು ಭೂಮಿ ಬೆರಳು ಮಡಿಚಿ ಎಣಿಸಿ, ಕಿಟಕಿಯ ಕಡೆ ತಿರುಗಿದಳು. ಆ ಮೂರರಲ್ಲಿ ಒಂದರ ಗೇಟಿನ ಹೊರಗೇ ನಾನು ನಿಲ್ಲುತ್ತೇನೆ. ಇನ್ನೊಂದರಲ್ಲಿ ಹೋದ ಕೂಡಲೇ, ಯಾವಾಗ ಹೊರಡುತ್ತೀ ಎಂದು ಕೇಳುತ್ತಾರೆ. ಉಳಿದದ್ದು ಭಾನುವಾರ ಮಾತ್ರ ಮನೆಯಂತಿರುತ್ತದೆ. ಅವಳು ಮಾತ್ರ ಮೂರನ್ನೂ ತನ್ನದೆಂದೇ ಎಣಿಸಿದ್ದಳು.