ಬಿಳಿಯನ ಎಡಪಕ್ಕ

ಕೊರೊನಾ ಕಳೆದು ಚಿತ್ರಮಂದಿರಗಳು ಮತ್ತೆ ಬಾಗಿಲು ತೆರೆದ ಮರುವರ್ಷ. ಸಿರುಗುಪ್ಪದಲ್ಲಿ ಪಶುವೈದ್ಯಾಧಿಕಾರಿಯಾಗಿದ್ದ ನಾನು ನಿವೃತ್ತನಾಗಿ, ಬಳ್ಳಾರಿ ಕಂಟೋನ್ಮೆಂಟಿನ ಮನೆಯಲ್ಲಿ ದಿನಪತ್ರಿಕೆಯ ಪದಬಂಧ ಬಿಡಿಸುವ ಗುರುತರ ಹೊಣೆ ಹೊತ್ತಿದ್ದೆ. ಆಗ ಸಿನಿಮಾದವರ ಕರೆ ಬಂತು. ಹನ್ನೆರಡನೇ ಶತಮಾನದ ಧರ್ಮಸುಧಾರಕರೊಬ್ಬರ ಮೇಲೆ ಐತಿಹಾಸಿಕ ಚಿತ್ರ, ಕುರುಗೋಡಿನ ಹಳೆಯ ಕಲ್ಲುಗುಡಿಗಳ ನಡುವೆ ಚಿತ್ರೀಕರಣ. ತೆರೆಯ ಮೇಲೆ ಪ್ರಾಣಿ ಕಾಣಿಸಬೇಕಾದರೆ ಪಶುವೈದ್ಯರು ಅದರ ಆರೋಗ್ಯವನ್ನು ಪ್ರಮಾಣೀಕರಿಸಬೇಕು, ಕೆಲಸ ಮುಗಿಯುವತನಕ ಸ್ಥಳದಲ್ಲೇ ಇರಬೇಕು. ನಾಯಕನಟನಿಗೆ ಈ ಕಟ್ಟುಪಾಡಿಲ್ಲ, ಎತ್ತಿಗೆ ಉಂಟು. ಹೀಗೆ ನಾನು ಕಲಾಸೇವೆಗೆ ಇಳಿದೆ.

ದೃಶ್ಯ ಸರಳ. ಅರಮನೆಯ ಪದವಿ ತೊರೆದ ಸುಧಾರಕರು ಎತ್ತಿನ ಗಾಡಿಯಲ್ಲಿ ಕೂತು ಊರು ಬಿಡುತ್ತಾರೆ. ಅದಕ್ಕೆ ನಿರ್ದೇಶಕರು ಕುರುಗೋಡಿನ ರೈತ ಚೆನ್ನಪ್ಪನವರ ಎತ್ತು ಬಿಳಿಯನನ್ನು ಮೆಚ್ಚಿದ್ದರು. ವಯಸ್ಸಾಗಿದ್ದರೂ ಅದರ ಕೊಂಬಿನ ಠೀವಿ ಮಂತ್ರಿಪದವಿಗೆ ಕಡಿಮೆಯದಲ್ಲ. ಆದರೆ ಅದರ ಜೋಡಿ ಕರಿಯ ಹಿಂದಿನ ವರ್ಷವೇ ಸತ್ತಿತ್ತು. ಹೀಗಾಗಿ ಕೊಳಗಲ್ಲಿನಿಂದ ಇನ್ನೊಂದು ಎತ್ತನ್ನು ತರಿಸಿದ್ದರು.

ಚೆನ್ನಪ್ಪನವರ ಮಗ ಮಂಜುನಾಥ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್, ಊರಿಗೆ ಬರುವುದು ರಜೆಗೆ ಮಾತ್ರ. ಚಿತ್ರೀಕರಣದ ದಿನ ಅವನು ಬಾಡಿಗೆಗೆ ಒಂದು ಮಿನಿ ಲಾರಿಯನ್ನೂ ಗೊತ್ತುಮಾಡಿ ತಂದಿದ್ದ. "ಕರಿಯ ಸತ್ತಾಗಿಂದ ಇದು ನೊಗ ಮುಟ್ಟಿಲ್ರಿ ಸಾಹೇಬ್ರ, ಕುಂತು ಉಣ್ಣಾಕತ್ತೈತಿ" ಎಂದ. ಅಪ್ಪ ಮಗನ ನಡುವೆ ಒಪ್ಪಂದವಾಗಿತ್ತಂತೆ. ಹೊಸ ಜೋಡಿಯ ಜೊತೆ ಬಿಳಿಯ ನಡೆದರೆ ಮನೆಯಲ್ಲೇ ಉಳಿಯುವುದು, ಇಲ್ಲವಾದರೆ ಅಂದೇ ಸಂಜೆ ಗೋಶಾಲೆಗೆ. ಮಗ ಕಟುಕನೇನಲ್ಲ. ಅಪ್ಪ ಈ ವಯಸ್ಸಿನಲ್ಲಿ ಸಗಣಿ ಬಾಚುವುದು ಅವನಿಗೆ ನೋಡಲಾಗುತ್ತಿರಲಿಲ್ಲ. ಚೆನ್ನಪ್ಪ ಎತ್ತಿನ ಕೊರಳ ಕೆಳಗೆ ಜೋಲುವ ಗಂಗೆದೊಗಲು ನೀವುತ್ತಿದ್ದರು.

ನಾನು ಪರೀಕ್ಷೆಗೆ ಕೂತೆ. ಉಸಿರಾಟ, ಜ್ವರ, ಗೊರಸು, ಎಲ್ಲವೂ ಸರಿ. ಕೊರಳ ಮೇಲೆ ಮಾತ್ರ ಒಂದು ಗುರುತು. ನೊಗ ಉಜ್ಜಿ ಆಗುವ ಗಾಯಕ್ಕೆ ನಮ್ಮಲ್ಲಿ ಯೋಕ್ ಗಾಲ್ ಎನ್ನುತ್ತೇವೆ. ಇದು ಅದರ ಮೊದಲ ಹಂತ. ರೋಮ ಹೊಸದಾಗಿ ಸವೆದು ಚರ್ಮ ಕೆಂಪಗಾಗಿತ್ತು. ವರ್ಷದಿಂದ ನೊಗವನ್ನೇ ಮುಟ್ಟದ ಎತ್ತಿಗೆ ಇದು ಹೇಗೆ ಬಂತು? ಚೆನ್ನಪ್ಪನವರನ್ನು ಕೇಳಿದರೆ, ಕಂಬಕ್ಕೆ ತಿಕ್ಕಿಕೊಂಡಿರಬೇಕೆಂದು ಗುಡಿಯ ಗೋಪುರ ನೋಡುತ್ತ ಹೇಳಿದರು.

ಗಾಡಿ ಕಟ್ಟಿದರು. ಬಿಳಿಯ ಹುಟ್ಟಾ ಬಲಗಡೆಯ ಎತ್ತು. ಎಡಕ್ಕೆ ಕೊಳಗಲ್ಲಿನದನ್ನು ಹೂಡಿದರು. ಬಿಳಿಯ ಅದನ್ನೊಮ್ಮೆ ಮೂಸಿ, ಕಲ್ಲಿನ ಬಸವಣ್ಣನಂತೆ ನಿಂತುಬಿಟ್ಟಿತು. ಎಷ್ಟು ಹುರಿದುಂಬಿಸಿದರೂ ಹೆಜ್ಜೆ ಕೀಳಲಿಲ್ಲ. ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದು ಚುರುಕಾಗಲು ಏನಾದರೂ ಇಂಜೆಕ್ಷನ್ ಇದೆಯೇ ಎಂದರು. ಇದ್ದರೆ ನಾನೇ ಹಾಕಿಕೊಳ್ಳುತ್ತಿದ್ದೆ ಎಂದೆ. ಕೊನೆಗೆ ಯಾರೋ ಬಾರುಕೋಲು ತಂದರು, ಬರೀ ಆ್ಯಕ್ಟಿಂಗಿಗೆ ಎಂದು ಸಮಜಾಯಿಷಿ ಬೇರೆ.

ಚೆನ್ನಪ್ಪ ಅಡ್ಡ ನಿಂತರು. "ಅದಕ್ಕ ಆ್ಯಕ್ಟಿಂಗ್ ಅಂದ್ರ ಗೊತ್ತಿಲ್ರಿ. ಪಕ್ಕದಾಗ ಇರೋದು ಕರಿಯ ಅಲ್ಲ ಅಂತಷ್ಟ ಗೊತ್ತೈತಿ."

ಮಂಜುನಾಥ ಲಾರಿಯ ಕಡೆ ತಿರುಗಿ ಹಿಂಬಾಗಿಲು ಇಳಿಸಲು ಕೈ ಮಾಡಿದ. ಮುದುಕರು ಅದನ್ನು ನೋಡಿದರು. ಎಡಗಡೆಯ ಎತ್ತನ್ನು ಬಿಚ್ಚಿಸಿದರು. ಬರಿಮೈ ಮೇಲೆ ಹೊದ್ದಿದ್ದ ಟವೆಲ್ ತೆಗೆದು ನಡುವಿಗೆ ಸುತ್ತಿ, ಖಾಲಿಯಾದ ಜಾಗಕ್ಕೆ ಹೋಗಿ ನೊಗಕ್ಕೆ ತಾವೇ ಹೆಗಲು ಕೊಟ್ಟರು. "ನಡಿ ತಮ್ಮಾ" ಎಂದರು ಮೆಲ್ಲಗೆ. ಬಿಳಿಯ ನಡೆಯಿತು.

ಆಗ ಕಂಡಿತು. ಟವೆಲ್ ಮುಚ್ಚಿದ್ದ ಹೆಗಲಲ್ಲಿ ದಡ್ಡುಗಟ್ಟಿದ ಚರ್ಮ, ಅದರ ಅಂಚಿಗೆ ಹುಣ್ಣು. ಸೇವಾವಧಿಯಿಡೀ ನಾನು ಯೋಕ್ ಗಾಲ್‌ಗೆ ಔಷಧ ಹಚ್ಚಿದವನು, ಮನುಷ್ಯನ ಮೇಲೆ ನೋಡಿದ್ದು ಅದೇ ಮೊದಲು.

ಗಾಡಿಯಲ್ಲಿದ್ದ ನಟ ದುಡುಮ್ಮನೆ ಕೆಳಗಿಳಿದ. ಚರಿತ್ರೆಯಲ್ಲಿ ಸುಧಾರಕರು ಕೂತೇ ಹೋಗಿದ್ದಾರೆ ಎಂದು ನಿರ್ದೇಶಕರು ನೆನಪಿಸಿದರು. "ಅಜ್ಜ ಎಳೆಯೋ ಗಾಡೀಲಿ ಅವರು ಕೂರ್ತಿರಲಿಲ್ಲ ಸರ್" ಎಂದ ನಟ, ಹಿಂದೆ ಹೋಗಿ ಚಕ್ರಕ್ಕೆ ಕೈ ಹಚ್ಚಿದ. ಕ್ಯಾಮೆರಾ ಓಡಿತು. ಎತ್ತಿನ ಜಾಗದಲ್ಲಿ ಮನುಷ್ಯನನ್ನು ಹೂಡಲು ಯಾರ ಅನುಮತಿ ಬೇಕೆಂದು ನಿಯಮಾವಳಿಯಲ್ಲಿ ಇರಲಿಲ್ಲ. ಅರ್ಹತೆ ಇಲ್ಲದಿದ್ದರೂ ಚೆನ್ನಪ್ಪನವರ ನಾಡಿ ನಾನೇ ಹಿಡಿದು ನೋಡಿದೆ. ಬಿಳಿಯನಿಗಿಂತ ಸ್ವಲ್ಪ ಜೋರಾಗಿತ್ತು.

ಮಂಜುನಾಥ ಅಪ್ಪನ ಹೆಗಲನ್ನೇ ನೋಡುತ್ತ ನಿಂತಿದ್ದ. "ಯಾವಾಗಿಂದ ಅಪ್ಪಾ ಇದು?"

"ಕರಿಯ ಹೋದ ಮ್ಯಾಲ ಮೇವು ಬಿಟ್ಟಿತ್ತಲೇ. ನಾನೂ ಅದರ ಜತಿಗೆ ನೊಗಕ್ಕ ಹೆಗಲು ಕೊಟ್ಟು ಹೊಲದಾಗ ಎರಡು ಸಾಲು ಕುಂಟಿ ಹೊಡದ್ರ, ಮನಿಗೆ ಬಂದು ತಿಂತಿತ್ತು."

"ನನಗ ಹೇಳಬಾರದಿತ್ತೇನು?"

"ಹೇಳಿದ್ರ ನೀ ನಮ್ಮಿಬ್ಬರನ್ನೂ ಗೋಶಾಲಿಗೆ ಬಿಟ್ಟು ಬರ್ತಿದ್ದಿ."

ಮಗ ನಗಲು ಹೋದ, ಆಗಲಿಲ್ಲ. ಲಾರಿಯವನಿಗೆ ಹೋಗೆಂದು ಸನ್ನೆ ಮಾಡಿದ. ನಾನು ಚೀಲದಿಂದ ಮುಲಾಮಿನ ಡಬ್ಬಿ ತೆಗೆದು ಎತ್ತಿನ ಕೊರಳಿಗೆ ಎಂದು ಅವನ ಕೈಗಿಟ್ಟೆ. ಅಪ್ಪನನ್ನು ಮನುಷ್ಯರ ಡಾಕ್ಟರಿಗೆ ತೋರಿಸು ಎಂದೂ ಹೇಳಿದೆ. ಅವನು ತಲೆಯಾಡಿಸಿ, ಅಲ್ಲೇ ಡಬ್ಬಿ ತೆರೆದು ಮೊದಲು ಅಪ್ಪನ ಹೆಗಲಿಗೆ ಹಚ್ಚಿದ. ಚೆನ್ನಪ್ಪ ಬೇಡವೆನ್ನಲಿಲ್ಲ. ಬಿಳಿಯನ ಸರದಿ ಆಮೇಲೆ ಬಂತು.

ಮೂಕಪ್ರಾಣಿಗಳ ವೈದ್ಯನೆಂದು ನಾನು ಒಂದಿಷ್ಟು ಗತ್ತಿನಿಂದಲೇ ಹೇಳಿಕೊಳ್ಳುತ್ತಿದ್ದೆ. ಮೂಕರು ಕೊಟ್ಟಿಗೆಯ ಹೊರಗೂ ಇರುತ್ತಾರೆಂದು ತಿಳಿದದ್ದು ಕುರುಗೋಡಿನಲ್ಲಿ. ನೊಗದ ಒಂದು ತುದಿಯಲ್ಲಿ ಗಾಯ ಕಂಡರೆ, ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂದು ಕೇಳದೆ ಪರೀಕ್ಷೆ ಮುಗಿಯುವುದಿಲ್ಲ.